ಅಜ್ಜಿ ಕೈ ತೋರಿಸಿದರೆ ಫ್ಯಾನ್ ಯಾಕೆ ತಿರುಗಲ್ಲ?

ಪ್ರಶ್ನೆ: ಮೇಡಂ, ನಮ್ಮದು ಫೈನಲ್ ಇಯರ್ ಪ್ರಾಜೆಕ್ಟ್. ವೆಬ್‌ಕ್ಯಾಮ್ ಮುಂದೆ ಕೈಸನ್ನೆ ಮಾಡಿ ಫ್ಯಾನ್, ಲೈಟ್ ಹಾಕುವುದು, ಆರಿಸುವುದು. ಕ್ಯಾಮೆರಾ ಚಿತ್ರದಲ್ಲಿ ಕೈ ಗುರುತಿಸುವ ಮೀಡಿಯಾಪೈಪ್ ಅನ್ನುವ ಸಾಫ್ಟ್‌ವೇರ್ ಬಳಸಿದ್ದೇವೆ. ಐದು ಬೆರಳು ಬಿಚ್ಚಿದರೆ ಫ್ಯಾನ್ ಆನ್, ಮುಷ್ಟಿ ಹಿಡಿದರೆ ಆಫ್. ಎರಡು ಬೆರಳು ತೋರಿಸಿದರೆ ಲೈಟ್ ಹತ್ತುತ್ತದೆ, ಮತ್ತೆ ತೋರಿಸಿದರೆ ಆರುತ್ತದೆ. ಕ್ಲಾಸಿನಲ್ಲಿ ಎಲ್ಲರ ಕೈಗೂ ಚೆನ್ನಾಗಿ ಕೆಲಸ ಮಾಡಿತು. ಮನೆಯಲ್ಲಿ ಅಜ್ಜಿ ಕೈ ತೋರಿಸಿದರೆ ಜಾಸ್ತಿ ಸಲ ಆಗುವುದೇ ಇಲ್ಲ. ವಯಸ್ಸಾದವರಿಗೆ ಬೇರೆ, ಹುಡುಗರಿಗೆ ಬೇರೆ ಅಂತ ಎರಡು ಥರದ ಸನ್ನೆ ಇಡಬೇಕಾ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೇಡಮ್ಮಾ. ಸನ್ನೆ ಒಂದೇ ಇರಲಿ, ಅಳತೆ ಮಾತ್ರ ಅವರವರ ಕೈಗೆ ತಕ್ಕಂತೆ ಇರಲಿ.

ವೈವಾಗೆ (ಮೌಖಿಕ ಪರೀಕ್ಷೆಗೆ) ಹೊರಗಿನ ಪರೀಕ್ಷಕಿಯಾಗಿ ಹೋದಲ್ಲೆಲ್ಲ ಈ ಪ್ರಾಜೆಕ್ಟ್ ಒಂದಾದರೂ ಸಿಗುತ್ತದೆ. ಹಾಗಾಗಿ ನಿನ್ನ ಕೋಡ್ ನೋಡದೆಯೇ ಊಹಿಸಬಲ್ಲೆ. ಮೀಡಿಯಾಪೈಪ್ ಒಂದು ಕೈಯಲ್ಲಿ 21 ಬಿಂದು ಗುರುತಿಸುತ್ತದೆ. ತೋರುಬೆರಳಿನ ತುದಿ 8, ನಡುವಿನ ಗೆಣ್ಣು 6. ಚಿತ್ರದಲ್ಲಿ 6ಕ್ಕಿಂತ 8 ಮೇಲಿದ್ದರೆ ಬೆರಳು ಬಿಚ್ಚಿದೆ ಅಂತ ಬರೆದಿರುತ್ತೀಯ, ಅಲ್ವಾ?

ಕೈ ನೆಟ್ಟಗೆ ಎತ್ತಿ ಹಿಡಿಯುವವರಿಗೆ ಇದು ಸರಿ. ಅಜ್ಜಿ ಕುರ್ಚಿಯ ತೋಳಿಗೆ ಮೊಣಕೈ ಊರಿ ಕೂತಿರುತ್ತಾರೆ. ಕೈ ಓರೆಯಾಗಿ, ಬೆರಳು ಇಳಿಬಿದ್ದಿರುತ್ತವೆ. ತುದಿ ಗೆಣ್ಣಿಗಿಂತ ಕೆಳಗೆ ಬಂದುಬಿಡುತ್ತದೆ. ಬೆರಳಿನ ಗಂಟು ಊದಿದ್ದರಂತೂ ಅವು ಪೂರ್ತಿ ಬಿಚ್ಚುವುದೂ ಇಲ್ಲ. ಅಜ್ಜಿ ಸನ್ನೆ ಸರಿಯಾಗಿಯೇ ಮಾಡಿದ್ದಾರೆ, ಕೋಡಿಗೆ ಅದು ಮುಷ್ಟಿ.

ಮೇಲೆ-ಕೆಳಗೆ ನೋಡುವುದು ಬಿಡು. ಮಣಿಕಟ್ಟಿನಿಂದ (ಬಿಂದು 0) ಬೆರಳಿನ ತುದಿಗಿರುವ ದೂರವನ್ನು, ಮಣಿಕಟ್ಟಿನಿಂದ ಬೆರಳಿನ ಬುಡಕ್ಕಿರುವ (ತೋರುಬೆರಳಿಗಾದರೆ ಬಿಂದು 5) ದೂರದಿಂದ ಭಾಗಿಸು. ಅಜ್ಜಿಯನ್ನು ಅವರು ದಿನಾ ಕೂರುವ ಜಾಗದಲ್ಲೇ ಕೂರಿಸಿ, ಆದಷ್ಟು ಕೈ ಬಿಚ್ಚಲು ಹೇಳು, ಆಮೇಲೆ ಮುಚ್ಚಲು ಹೇಳು. ಎರಡು ಸಲವೂ ಬಂದ ಸಂಖ್ಯೆಗಳ ನಡುವೆ ಗೆರೆ ಎಳೆ: ಅದಕ್ಕಿಂತ ಹೆಚ್ಚಾದರೆ ಬಿಚ್ಚಿದ ಕೈ, ಕಡಿಮೆಯಾದರೆ ಮುಷ್ಟಿ. ಅದೇ ಅವರ ಅಳತೆ. ನಿನ್ನದು ಬೇರೆ ಬರುತ್ತದೆ.

ಸನ್ನೆ ಒಂದು ಸೆಕೆಂಡ್ ನಿಂತರೆ ಮಾತ್ರ ಒಪ್ಪಿಕೋ. ಇಲ್ಲದಿದ್ದರೆ ಅಜ್ಜಿ ಪಕ್ಕದ ಮನೆಯವರ ಜೊತೆ ಮಾತಾಡುತ್ತ ಕೈ ಆಡಿಸಿದಾಗೆಲ್ಲ ಫ್ಯಾನ್ ಹತ್ತಿ ಆರುತ್ತಿರುತ್ತದೆ. ಆದರೆ ಆ ಸೆಕೆಂಡಿನ ಪ್ರತಿ ಫ್ರೇಮೂ (ಕ್ಯಾಮೆರಾ ತೆಗೆಯುವ ಒಂದೊಂದು ಚಿತ್ರವೂ) ಸರಿ ಇರಲೇಬೇಕು ಅನ್ನಬೇಡ, ನಡುಗುವ ಕೈಗೆ ಅದು ಆಗದು. ಮುಕ್ಕಾಲು ಪಾಲು ಸರಿಯಿದ್ದರೆ ಸಾಕು. ಒಪ್ಪಿಕೊಂಡ ತಕ್ಷಣ ಟಿಂಗ್ ಅನ್ನಿಸು.

ಎರಡು ಬೆರಳಿನ ಸನ್ನೆ ತೆಗೆದುಹಾಕು. ಬೆರಳುಗಳನ್ನು ಬೇರೆ ಬೇರೆಯಾಗಿ ಆಡಿಸುವುದು ಪೆಡಸಾದ ಕೈಗೆ ಕಷ್ಟ. ಮೇಲಾಗಿ ಒಂದೇ ಸನ್ನೆಗೆ ಹತ್ತುವುದೂ ಆರುವುದೂ ಅಂದರೆ, ಕ್ಯಾಮೆರಾಗೆ ಕಂಡಿತೋ ಇಲ್ಲವೋ ಅಂತ ಅಜ್ಜಿ ಮತ್ತೊಮ್ಮೆ ತೋರಿಸಿದಾಗ ಹತ್ತಿದ ಲೈಟೂ ಹೋಗುತ್ತದೆ!

ಬದಲಿಗೆ ಏನಿಡಬೇಕು ಅಂತ ಅಜ್ಜಿಯನ್ನೇ ಕೇಳು. 2009ರಲ್ಲಿ ಸಂಶೋಧಕ ಜೇಕಬ್ ವೊಬ್ರಾಕ್ ಮತ್ತು ಸಂಗಡಿಗರು ಟಚ್ ಟೇಬಲ್ ಮುಂದೆ 20 ಜನರನ್ನು ಕೂರಿಸಿ ಹೀಗೇ ಮಾಡಿದ್ದರು. ಮೊದಲು ಪರಿಣಾಮ ತೋರಿಸಿ, ಇದು ಆಗಲು ನೀವೇನು ಮಾಡ್ತೀರಿ ಅಂತ ಕೇಳಿದ್ದರು. ನೀನು ಮರೆಯಲ್ಲಿ ನಿಂತು ಸ್ವಿಚ್ ಒತ್ತಿ ಫ್ಯಾನ್ ಜೋರು ಮಾಡು. ನಿನ್ನ ಗೆಳತಿಯರು ಗಾಳಿಯಲ್ಲಿ ಸ್ವೈಪ್ ಮಾಡಬಹುದು, ಅಜ್ಜಿ ಹಳೇ ರೆಗ್ಯುಲೇಟರ್ ತಿರುವಬಹುದು. ಇಬ್ಬರಿಗೂ ಸುಲಭವಾದದ್ದನ್ನು ಇಟ್ಟುಕೋ.

ಕ್ಯಾಮೆರಾ ಟೇಬಲ್ ಎತ್ತರಕ್ಕೆ ಇಳಿಸು. ತೋಳೆತ್ತಿ ಹಿಡಿಯುವುದು ನಿನಗೂ ಸುಸ್ತೇ. ಗೋಡೆಯ ಸ್ವಿಚ್ ಮಾತ್ರ ತೆಗೆಯಬೇಡ.

ಅಂದಹಾಗೆ, ಲೈಟ್ ಬೇಕಾಗುವುದು ಕತ್ತಲಲ್ಲಿ, ಆಗ ವೆಬ್‌ಕ್ಯಾಮ್‌ಗೆ ಕೈ ಕಾಣುವುದಿಲ್ಲ. ಜೀರೋ ಬಲ್ಬ್ ಬೆಳಕು ಸಾಕಾಗುತ್ತದಾ ಅಂತ ಇವತ್ತು ರಾತ್ರಿಯೇ ಅಜ್ಜಿಯ ಕೋಣೆಯಲ್ಲಿ ನೋಡು. ಸಾಲದಿದ್ದರೆ ಇನ್ಫ್ರಾರೆಡ್ (ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ ನೋಡುವ) ಕ್ಯಾಮೆರಾ ಬೇಕು, ಗೈಡ್ ಹತ್ತಿರ ಈಗಲೇ ಕೇಳಿಡು.