ವೈಬ್ರೇಟರ್ ಬಳಸಿದರೆ ನರ ಸತ್ತುಹೋಗುತ್ತದೆಯೇ?

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯಲ್ಲಿದ್ದೇನೆ, ಪತಿ ಹೊರದೇಶದಲ್ಲಿ ಕೆಲಸದಲ್ಲಿದ್ದಾರೆ. ಆನ್‌ಲೈನಿನಲ್ಲಿ ತರಿಸಿದ ವೈಬ್ರೇಟರನ್ನು (ಲೈಂಗಿಕ ಸುಖಕ್ಕೆ ಬಳಸುವ, ಕಂಪಿಸುವ ಸಾಧನ) ಆರು ತಿಂಗಳಿಂದ ಬಳಸುತ್ತಿದ್ದೇನೆ. ಬಳಸಿದ ಮೇಲೆ ಒಂದೆರಡು ಗಂಟೆ ಆ ಭಾಗ ಜೋಮು ಹಿಡಿದಂತಿರುತ್ತದೆ. ಸೋಂಕು ತಗುಲದಿರಲೆಂದು ಪ್ರತಿ ಸಲವೂ ಸಾಧನವನ್ನೂ ಆ ಜಾಗವನ್ನೂ ಗಾಯ ತೊಳೆಯುವ ಕ್ರಿಮಿನಾಶಕದಿಂದ ತೊಳೆಯುತ್ತೇನೆ. ಈಗ ಹದಿನೈದು ದಿನಗಳಿಂದ ಉರಿ, ತುರಿಕೆ ಇದೆ. ಬಸ್ ನಿಲ್ದಾಣದ ಬಳಿಯ ಲಾಡ್ಜಿಗೆ ತಿಂಗಳಿಗೊಮ್ಮೆ ಬರುವ ವೈದ್ಯರೊಬ್ಬರು, ನರ ಸತ್ತಿದೆ, ಮೂರು ತಿಂಗಳ ಔಷಧಿ ಬೇಕು ಎಂದಿದ್ದಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಕೈಬರಹಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದಲೂ, ಪ್ರತಿಯೊಂದರ ಹಿಂದೆ ಹಣ ಕಳೆದುಕೊಂಡ ಒಬ್ಬ ಹೆಣ್ಣುಮಗಳು ಇರುವುದರಿಂದಲೂ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಚಂದ್ರನಾಡಿಯ (ಯೋನಿದ್ವಾರದ ಮೇಲ್ಗಡೆಯ ಸಣ್ಣ ಸೂಕ್ಷ್ಮ ಅಂಗ, ಕ್ಲಿಟೋರಿಸ್) ಸುತ್ತ ಸ್ಪರ್ಶವನ್ನು ಗ್ರಹಿಸುವ ನರತುದಿಗಳು ಒತ್ತೊತ್ತಾಗಿವೆ. ಜೋರಾದ ಕಂಪನವನ್ನು ಒಂದೇ ಜಾಗಕ್ಕೆ ಬಿಡದೆ ಒತ್ತಿ ಹಿಡಿದಾಗ ಅವು ಸ್ವಲ್ಪ ಹೊತ್ತು ದಣಿದು, ಸಣ್ಣ ಸ್ಪರ್ಶಕ್ಕೆ ಸ್ಪಂದಿಸುವುದನ್ನು ನಿಲ್ಲಿಸುತ್ತವೆ. ನಿಮಗಾಗುವ ಜೋಮು ಇದೇ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಚಿತ್ರದುರ್ಗದ ಕಡೆಯ ಕಲ್ಲುಕ್ವಾರಿಗಳಲ್ಲಿ ಡ್ರಿಲ್ಲಿಂಗ್ ಯಂತ್ರ ಹಿಡಿಯುವವರ ಬೆರಳುಗಳು ಮರಗಟ್ಟುವುದನ್ನು ಈ ಲಾಡ್ಜ್ ವೈದ್ಯರು ಉದಾಹರಣೆಯಾಗಿ ಕೊಡುತ್ತಾರಂತೆ. ಆ ಕಾಯಿಲೆ ನಿಜವೇ, ಆದರೆ ಅದು ದಿನಕ್ಕೆ ಹಲವು ಗಂಟೆಗಳಂತೆ ವರ್ಷಗಟ್ಟಲೆ ಭಾರೀ ಯಂತ್ರ ಹಿಡಿದವರಿಗೆ ಬರುವಂಥದ್ದು. ಅಂಗೈಯಗಲದ ಸಾಧನಕ್ಕೆ ಅದನ್ನು ಅನ್ವಯಿಸುವುದು ಹೆದರಿಸಿ ಹಣ ಕೀಳುವ ತಂತ್ರವಷ್ಟೆ. ಕಂಪನದ ವೇಗವನ್ನು ತಗ್ಗಿಸಿ, ಒತ್ತಡವನ್ನು ಕಡಿಮೆ ಮಾಡಿ, ಸಾಧನವನ್ನು ಆಗಾಗ ಸರಿಸುತ್ತಿರಿ. ಬೇಕಿದ್ದರೆ ನಡುವೆ ತೆಳು ಹತ್ತಿಬಟ್ಟೆ ಇಟ್ಟುಕೊಳ್ಳಿ.

ನಿಮ್ಮ ನಿಜವಾದ ತೊಂದರೆ ಉರಿ, ಮತ್ತು ಅದಕ್ಕೆ ಬಹುಮಟ್ಟಿಗೆ ಕಾರಣ ನೀವು ಸ್ವಚ್ಛತೆಗೆಂದು ಹಚ್ಚುತ್ತಿರುವ ಕ್ರಿಮಿನಾಶಕ. ಆ ದ್ರಾವಣವು ಯೋನಿದ್ವಾರದ ತೆಳುವಾದ ಚರ್ಮವನ್ನು ಸುಡುತ್ತದೆ. ಒಳಗೆ ಹೋದರೆ ಅಲ್ಲಿರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದು, ಯಾವ ಸೋಂಕಿಗೆ ನೀವು ಹೆದರಿದ್ದಿರೋ ಅದಕ್ಕೇ ದಾರಿ ಮಾಡಿಕೊಡುತ್ತದೆ. ಇವತ್ತಿನಿಂದಲೇ ಅದನ್ನು ನಿಲ್ಲಿಸಿ. ದೇಹಕ್ಕೆ ಬರಿಯ ನೀರು ಸಾಕು. ಸಾಧನಕ್ಕೆ ಬೆಚ್ಚಗಿನ ನೀರು, ಸುವಾಸನೆಯಿಲ್ಲದ ಸೌಮ್ಯ ಸೋಪು ಸಾಕು. ಗುಂಡಿಯ ಸುತ್ತಲಿನ ಸಂದು ಮತ್ತು ಚಾರ್ಜಿಂಗ್ ತೂತಿನ ಅಂಚನ್ನು ಮೆದು ಬ್ರಷ್‌ನಿಂದ ಉಜ್ಜಬೇಕು; ಜಾರಲೆಂದು ಹಚ್ಚಿದ ಜೆಲ್ ಒಣಗಿ ಕೂರುವುದು ಅಲ್ಲಿ, ನಮ್ಮ ಬೋರ್‌ವೆಲ್‌ನ ಗಡಸು ನೀರಿನ ಬಿಳಿ ಪದರ ಕಟ್ಟುವುದೂ ಅಲ್ಲೇ. ಪೂರ್ತಿ ಒಣಗಿದ ಮೇಲೆಯೇ ಎತ್ತಿಡಿ ಅಥವಾ ಚಾರ್ಜಿಗೆ ಹಾಕಿ.

ಸಾಧನವನ್ನೊಮ್ಮೆ ಮೂಸಿ ನೋಡಿ. ಹೊಸ ಪ್ಲಾಸ್ಟಿಕ್ ಚಪ್ಪಲಿಯಂಥ ಗಾಢ ವಾಸನೆ, ಅಂಟಂಟಾದ ಮೇಲ್ಮೈ, ಜೆಲ್ಲಿಯಂಥ ಮೆದುತನ ಇದ್ದರೆ ಎಸೆದುಬಿಡಿ. ಅಂಥ ಅಗ್ಗದ ವಸ್ತುವಿನ ಸೂಕ್ಷ್ಮ ರಂಧ್ರಗಳಲ್ಲಿ ರೋಗಾಣುಗಳು ಉಳಿಯುತ್ತವೆ, ಅದರ ರಾಸಾಯನಿಕಗಳಿಂದ ಚರ್ಮಕ್ಕೆ ಅಲರ್ಜಿಯಾಗಬಹುದು, ಎಷ್ಟು ತೊಳೆದರೂ ಶುದ್ಧವಾಗುವುದಿಲ್ಲ. ವೈದ್ಯಕೀಯ ದರ್ಜೆಯ ಸಿಲಿಕೋನ್ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನದನ್ನು ಕೊಳ್ಳಿ. ನೀರು ಆಧಾರಿತ ಜೆಲ್ ಬಳಸಿ. ಸಿಲಿಕೋನ್ ಜೆಲ್ ಸಿಲಿಕೋನ್ ಸಾಧನವನ್ನೇ ಹಾಳುಮಾಡಬಹುದು, ಕೊಬ್ಬರಿ ಎಣ್ಣೆ ಲೇಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುತ್ತದೆ.

ಉರಿ ಪೂರ್ತಿ ವಾಸಿಯಾಗುವವರೆಗೆ ಬಳಕೆ ಬೇಡ. ವಾರದೊಳಗೆ ಕಡಿಮೆಯಾಗದಿದ್ದರೆ, ಅಥವಾ ಮೊಸರಿನಂಥ ಇಲ್ಲವೇ ದುರ್ವಾಸನೆಯ ಬಿಳಿಸೆರಗು, ಉರಿಮೂತ್ರ, ರಕ್ತಸ್ರಾವ, ಜ್ವರದೊಡನೆ ಕೆಳಹೊಟ್ಟೆ ನೋವು ಕಂಡರೆ ಕಾಯದೆ ಸ್ತ್ರೀರೋಗ ತಜ್ಞರನ್ನು ಕಾಣಿ. ಲೈಂಗಿಕ ಸೋಂಕುಗಳನ್ನು ನೋಡುವ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂಥ ತಪಾಸಣೆ ಉಚಿತ, ಮಾತು ಗೌಪ್ಯ. ನಾಚಿಕೊಂಡು ಸಾಧನದ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಗಾಯವಾದರೂ ತಿಳಿಯದಿರಬಹುದಾದ್ದರಿಂದ ಅವರು ಹೆಚ್ಚು ಎಚ್ಚರ ವಹಿಸಬೇಕು. ಜೋಮು ತೊಡೆಯ ಒಳಭಾಗಕ್ಕೂ ಹರಡಿ, ಮೂತ್ರದ ಹಿಡಿತ ತಪ್ಪಿದರೆ ಅದು ಬೆನ್ನುಹುರಿಯ ತುರ್ತು ತೊಂದರೆ ಇರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಲಾಡ್ಜಿನ ಔಷಧಿ ಕೊಳ್ಳಬೇಡಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ; ಆದರೂ ಗೋಡೆಗೋಡೆಯ ಮೇಲೆ ‘ನರದೌರ್ಬಲ್ಯ’ದ ಬರಹ ನಿಂತಿಲ್ಲವೆಂಬುದು ನನಗೆ ತೀರದ ಸಿಟ್ಟು.

ಪ್ರಶ್ನೆ: ಇದರಿಂದ ಮುಂದೆ ಮಕ್ಕಳಾಗುವುದಿಲ್ಲವೇ? (28 ವರ್ಷ, ಚಳ್ಳಕೆರೆ)

ಉತ್ತರ: ಆಗುತ್ತವೆ, ಬಂಜೆತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಒಳಗೆ ಜಾರಿ ಗರ್ಭಕೋಶ ಸೇರಿದರೆ?

ಉತ್ತರ: ಗರ್ಭಕಂಠ ಅದಕ್ಕೆ ಎಡೆ ಕೊಡದು. ಗುದದ್ವಾರದ ಮಾತು ಬೇರೆ: ಅಗಲವಾದ ಬುಡವಿಲ್ಲದ ಯಾವುದನ್ನೂ ಅಲ್ಲಿ ಬಳಸಕೂಡದು, ಜಾರಿ ಹೋದರೆ ಮನೆಯಲ್ಲಿ ತೆಗೆಯಲು ಯತ್ನಿಸದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಗೆಳತಿಯೊಡನೆ ಹಂಚಿಕೊಳ್ಳಬಹುದೇ?

ಉತ್ತರ: ಬೇಡ. ಎಚ್‌ಪಿವಿಯಂಥ ಲೈಂಗಿಕ ಸೋಂಕುಗಳು ಹೀಗೂ ಹರಡಬಹುದು. ಜೋಡಿಯಲ್ಲಿ ಬಳಸುವವರು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಪ್ರತಿ ಸಲವೂ ಸಾಧನಕ್ಕೆ ಹೊಸ ಕಾಂಡೋಮ್ ತೊಡಿಸಬೇಕು.

ಪ್ರಶ್ನೆ: ಪೇಸ್‌ಮೇಕರ್ ಹಾಕಿಸಿಕೊಂಡಿದ್ದೇನೆ, ಬಳಸಬಹುದೇ? (58 ವರ್ಷ, ಹೊಳಲ್ಕೆರೆ)

ಉತ್ತರ: ನಿಮ್ಮ ಹೃದ್ರೋಗ ತಜ್ಞರನ್ನು ಕೇಳದೆ ಬೇಡ. ಇವುಗಳ ಎಷ್ಟೋ ಚಾರ್ಜರ್‌ಗಳಲ್ಲಿ ಅಯಸ್ಕಾಂತವಿರುತ್ತದೆ. ಅದನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿಡಿ, ಅಂಗಿಯ ಜೇಬಿಗಂತೂ ಹಾಕಲೇಬೇಡಿ.