ಚಿತ್ರದಲ್ಲಿ 45 ಡಿಗ್ರಿ ಏಕೆ?

ಲೇಖಕರಿಗೆ ನಮಸ್ಕಾರ.

ಅರೇಖೀಯ ಮಾಧ್ಯಮಗಳ, ಅಂದರೆ ಬೆಳಕಿನ ತೀವ್ರತೆಗೆ ತಕ್ಕಂತೆ ಗುಣ ಬದಲಿಸುವ ವಸ್ತುಗಳ, ಗಡಿಯಲ್ಲಿ ಬೆಳಕು ಹೇಗೆ ವರ್ತಿಸುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಪಕ್ಕಕ್ಕೆ ಎತ್ತಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಉತ್ತರ.

ಮೊದಲ ಎರಡು ಪ್ಯಾರಾ ಬೆಳಕಿನ ಮಹಿಮೆಗೇ ಹೋಗಿದೆ. ಜ್ಞಾನ, ಕತ್ತಲೆ, ಜ್ಯೋತಿ ಎಲ್ಲ ಬಂದಿವೆ, ವಿಷಯ ಮಾತ್ರ ಬಂದಿಲ್ಲ. ಹೊಡೆದುಹಾಕಿ. ಲೇಖನ ನಿಜಕ್ಕೂ ಶುರುವಾಗುವುದು ಮೂರನೇ ಪುಟದ ಈ ವಾಕ್ಯದಿಂದ: ‘ಮಂದವಾಗಿದ್ದಾಗ ಗಡಿಯಿಂದ ಹಿಂದಿರುಗುವ ಬೆಳಕಿನ ದೂಲ, ಪ್ರಖರವಾದಾಗ ಅದೇ ಕೋನದಲ್ಲಿ ಬಂದರೂ ಒಳನುಗ್ಗುತ್ತದೆ.’ ಗಡಿ ದಾಟುವಾಗ ಬೆಳಕು ಎಷ್ಟು ಬಾಗುತ್ತದೆ ಎಂದು ಹೇಳುವ ಸ್ನೆಲ್ ನಿಯಮ ಓದಿದ ಯಾರನ್ನೇ ಆದರೂ ಇದು ತಡೆದು ನಿಲ್ಲಿಸುತ್ತದೆ. ಆ ನಿಯಮಕ್ಕೆ ಬೇಕಿದ್ದುದು ಕೋನ ಮತ್ತು ಎರಡು ವಕ್ರೀಭವನಾಂಕಗಳು (ಮಾಧ್ಯಮ ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) ಅಷ್ಟೇ. ಟಾರ್ಚ್ ಆದರೇನು, ಲೇಸರ್ ಆದರೇನು?

ಇಷ್ಟು ಒಳ್ಳೆಯ ವಾಕ್ಯ ಬರೆದವರು ಅದು ಏಕೆ ಹಾಗೆ ಎಂದು ಹೇಳುವುದೇ ಇಲ್ಲ. ‘ಗಡಿಯೆಂಬ ಕಾವಲುಗಾರ ಬಾಗಿಲು ತೆರೆಯುತ್ತಾನೆ’ ಎಂದು ಮುಂದೆ ಹೋಗಿಬಿಡುತ್ತೀರಿ. ಇಲ್ಲಿ ಕಾವಲುಗಾರನ ಮರ್ಜಿ ಏನೂ ಇಲ್ಲ. ಕೆರ್ ಮಾದರಿಯ ಮಾಧ್ಯಮದಲ್ಲಿ ಬೆಳಕಿನ ತೀವ್ರತೆ ಏರಿದಂತೆ ವಕ್ರೀಭವನಾಂಕವೂ ತುಸು ಏರುತ್ತದೆ. ಆಚೆ ಬದಿಯ ಮಾಧ್ಯಮದ ಅಂಕ ಈಚೆಯದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇದೆ ಎನ್ನಿ. ಮಂದ ದೂಲ ಗಡಿಯನ್ನು ಸವರುವ ಹಾಗೆ ಬಂದರೆ ಪೂರ್ಣ ಆಂತರಿಕ ಪ್ರತಿಫಲನವಾಗುತ್ತದೆ, ಅಂದರೆ ಬೆಳಕೆಲ್ಲ ಹಿಂದಿರುಗುತ್ತದೆ. ಆಗಲೂ ಅದರ ಅಂಚು ಗಡಿಯಾಚೆ ಒಂದಿಷ್ಟು ಚಾಚಿಕೊಂಡಿರುತ್ತದೆ. ದೂಲ ಪ್ರಖರವಾದಷ್ಟೂ ಆ ಚಾಚು ಆಚೆಯ ಅಂಕವನ್ನು ಮೇಲೆತ್ತುತ್ತದೆ, ಅಂತರ ಕಿರಿದಾಗುತ್ತದೆ, ಬೆಳಕು ಇನ್ನಷ್ಟು ಒಳಗೆ ಚಾಚುತ್ತದೆ, ಅಂಕ ಇನ್ನಷ್ಟು ಏರುತ್ತದೆ. ಒಂದು ಹಂತದಲ್ಲಿ ಪ್ರತಿಫಲನ ಕೈಕೊಡುತ್ತದೆ. ಒಂದು ಇನ್ನೊಂದನ್ನು ಹೀಗೆ ಎಳೆದುಕೊಂಡು ಹೋಗುವುದನ್ನು ಬರೆಯಿರಿ. ಓದುಗರು ಬರುವುದು ಇದಕ್ಕೆ.

ಇನ್ನು ನಿಮ್ಮ ಚಿತ್ರ. ಪಠ್ಯಪುಸ್ತಕದಲ್ಲಿರುವಂತೆ ದೂಲ 45 ಡಿಗ್ರಿಯಲ್ಲಿ ಬಂದು ಗಡಿಗೆ ಬಡಿಯುತ್ತದೆ. ನೋಡಲು ಚೆನ್ನಾಗಿದೆ, ಆದರೆ ಅಸಾಧ್ಯ. ಲೆಕ್ಕ ಹಾಕಿ ನೋಡೋಣ. ಇಂಥ ಗಡಿಯ ಪ್ರಯೋಗದಲ್ಲಿ ಬಳಸಿದ ದ್ರವ ಕಾರ್ಬನ್ ಡೈಸಲ್ಫೈಡ್. ಅದರ ವಕ್ರೀಭವನಾಂಕ ಸುಮಾರು 1.63. ಪ್ರತಿ ಚದರ ಸೆಂಟಿಮೀಟರಿಗೆ 1 ಗಿಗಾವಾಟ್‌ನಂಥ ಭಾರೀ ತೀವ್ರತೆಯಲ್ಲೂ ಅದರ ಅಂಕ ಏರುವುದು 0.00003ರ ಆಸುಪಾಸು. ಅಷ್ಟೇ ಏರಿಕೆಯಿಂದ ಅಂತರ ಮುಚ್ಚಿಹೋಗಬೇಕಾದರೆ, ದೂಲ ಗಡಿಗೆ ಮೂರನೇ ಒಂದು ಡಿಗ್ರಿಯಷ್ಟು ಓರೆಯಲ್ಲಿ, ಹೆಚ್ಚೂಕಡಿಮೆ ಸಮಾನಾಂತರವಾಗಿ ಬರಬೇಕು. 45 ಡಿಗ್ರಿಯಲ್ಲಿ ಪೂರ್ಣ ಪ್ರತಿಫಲನವಾಗಲು ಈಚೆ 1.63 ಇದ್ದರೆ ಆಚೆ 1.15 ದಾಟಬಾರದು. ಆ ಕಂದಕವನ್ನು ಬೆಳಕಿನಿಂದಲೇ ತುಂಬಲು ಹೋದರೆ, ತುಂಬುವ ಎಷ್ಟೋ ಮೊದಲೇ ದ್ರವ ಪ್ಲಾಸ್ಮಾ ಆಗಿರುತ್ತದೆ. ಈ ಲೆಕ್ಕ ಪೂರ್ತಿಯಾಗಿ ಲೇಖನದಲ್ಲಿ ಬರಬೇಕಿಲ್ಲ. ಆದರೆ ಅದನ್ನು ಮಾಡಿದವರು ಮಾತ್ರ ಸರಿಯಾದ ಚಿತ್ರ ಬರೆಯಬಲ್ಲರು.

‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂಬುದು ಆರು ಕಡೆ ಇದೆ. ಯಾರು, ಯಾವಾಗ? ಈ ಗಡಿಯ ಸಿದ್ಧಾಂತವನ್ನು 1970ರ ದಶಕದ ನಡುವೆ ಮಂಡಿಸಿದವರು ಭೌತವಿಜ್ಞಾನಿ ಕಪ್ಲಾನ್. ತೀವ್ರತೆ ಏರಿಸುವಾಗ ಒಂದು ಹಂತದಲ್ಲಿ ಒಳನುಗ್ಗುವ ಬೆಳಕು, ಇಳಿಸುವಾಗ ಬೇರೆ ಹಂತದಲ್ಲಿ ಹಿಂದೆಗೆಯುತ್ತದೆ ಎಂದು ಅವರ ಲೆಕ್ಕ ಹೇಳಿತು. 1979ರಲ್ಲಿ ಸ್ಮಿತ್ ಮತ್ತು ಸಂಗಡಿಗರು ಗಾಜು–ಕಾರ್ಬನ್ ಡೈಸಲ್ಫೈಡ್ ಗಡಿಯಲ್ಲಿ ಪ್ರಯೋಗ ಮಾಡಿದರು. ನೀವು ಇಲ್ಲಿಗೆ ನಿಲ್ಲಿಸಿ ‘ಸಾಬೀತಾಯಿತು’ ಎನ್ನುತ್ತೀರಿ. ಕಥೆ ಅಷ್ಟು ಸಲೀಸಲ್ಲ. ಕಪ್ಲಾನ್ ಲೆಕ್ಕ ಎಲ್ಲೆಡೆ ಒಂದೇ ತೀವ್ರತೆಯ ಸಮತಲ ಅಲೆಗೆ. ನಿಜವಾದ ದೂಲ ನಡುವೆ ಪ್ರಖರ, ಅಂಚಿನಲ್ಲಿ ಮಂದ. ಅಂಥ ದೂಲವನ್ನು ಕಂಪ್ಯೂಟರಿನಲ್ಲಿ ಗಡಿಗೆ ಹಾಯಿಸಿ ನೋಡಿದಾಗ, ಒಳಹೋದ ಬೆಳಕು ತನ್ನನ್ನು ತಾನೇ ಕೇಂದ್ರೀಕರಿಸಿಕೊಳ್ಳುವ ಕಿರುಕಾಲುವೆಗಳಾಗಿ ಹರಿಯಿತು. ಸಿದ್ಧಾಂತಕ್ಕೂ ದೂಲಕ್ಕೂ ನಡುವಿನ ಈ ಜಗಳವೇ ನನಗೆ ಅತಿ ಸ್ವಾರಸ್ಯವಾಗಿ ಕಂಡದ್ದು, ನಿಮ್ಮಲ್ಲಿ ಅದಕ್ಕೆ ಅರ್ಧ ಸಾಲೂ ಇಲ್ಲ. 1989ರಲ್ಲಿ ಅಸೆವೆಸ್, ಮೊಲೊನಿ, ನ್ಯೂವೆಲ್ ಇಡೀ ದೂಲವನ್ನು ಒಂದು ಕಣದಂತೆ ಕಂಡು, ಗಡಿಯನ್ನು ಅದು ಹತ್ತಬೇಕಾದ ದಿಬ್ಬವಾಗಿಸಿ ಲೆಕ್ಕವನ್ನು ಹಗುರ ಮಾಡಿದರು. ಅದನ್ನೂ ಸೇರಿಸಿ.

‘ಗಡಿಯಲ್ಲಿ ಬೆಳಕು ಬಣ್ಣವನ್ನೂ ಬದಲಿಸುತ್ತದೆ’ ಎಂಬ ಪ್ಯಾರಾ ತೆಗೆಯಿರಿ. ಅದು ಬೇರೆ ವಿದ್ಯಮಾನ, ಕೇಂದ್ರ ಸಮ್ಮಿತಿಯಿಲ್ಲದ ಸ್ಫಟಿಕಗಳ ಮಾತು. 1961ರಲ್ಲಿ ಫ್ರಾಂಕೆನ್ ತಂಡ ಮಾಣಿಕ್ಯ ಲೇಸರಿನ 694 ನ್ಯಾನೋಮೀಟರ್ ಬೆಳಕನ್ನು ಸ್ಫಟಿಕಶಿಲೆಗೆ ಹಾಯಿಸಿ 347 ನ್ಯಾನೋಮೀಟರಿನ ಬೆಳಕು ಪಡೆಯಿತು. (ಅಚ್ಚಾದ ಚಿತ್ರದಲ್ಲಿ ಆ ಸಾಕ್ಷಿಯ ಚುಕ್ಕೆಯೇ ಇಲ್ಲ, ಕೊಳೆಯೆಂದು ಅಳಿಸಿಬಿಟ್ಟರಂತೆ. ನಾವು ಸಂಪಾದಕರು ಆಗಾಗ ನೆನಪಿಡಬೇಕಾದ ಸಂಗತಿ.) ಗಡಿಯಲ್ಲಿ ಅಂಥ ಬೆಳಕು ಯಾವ ಕೋನದಲ್ಲಿ ಹೊರಡುತ್ತದೆ ಎಂದು ಮರುವರ್ಷ ಬ್ಲೂಂಬರ್ಗನ್ ಮತ್ತು ಪರ್ಷನ್ ವಿವರಿಸಿದರು. ಅದು ಇನ್ನೊಂದು ಲೇಖನಕ್ಕಾಗುವ ಸರಕು. ಈಗ ಬೇಡ.

‘ನಾಳಿನ ಕಂಪ್ಯೂಟರ್‌ಗಳೆಲ್ಲ ಬೆಳಕಿನಿಂದಲೇ’ ಎಂಬ ಕೊನೆಯ ಪುಟವೂ ಬೇಡ. ಮೂರನೇ ಪುಟದಿಂದ ಹಿಡಿದು ಒಂಬೈನೂರು ಪದಗಳೊಳಗೆ ಮತ್ತೆ ಬರೆದು, ಚಿತ್ರ ತಿದ್ದಿ ಕಳಿಸಿ. ಚಿತ್ರದಲ್ಲಿ ಕೋನವನ್ನು ದೊಡ್ಡದು ಮಾಡಿ ತೋರಿಸುವುದು ಅನಿವಾರ್ಯವಾದರೆ, ಹಾಗೆ ಮಾಡಿದ್ದೀರೆಂದು ಅದರ ಕೆಳಗೇ ಬರೆದುಬಿಡಿ.