ಓದುಗರ ಪ್ರಶ್ನೋತ್ತರ: ಮಾರಿಯೊನ ಮೀಸೆ, ಗಾಳಿಯಲ್ಲಿ ಒಂದು ಕ್ಷಣ, ಮೂರು ಪೆಟ್ಟಿನ ಖಳ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರ್ಟೂನ್ ಶೈಲಿಯ ಪ್ಲಾಟ್‌ಫಾರ್ಮ್ ಆಟಗಳ ಕುರಿತಾಗಿವೆ. ನಾಯಕನು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾರುತ್ತ, ಕಂದಕಗಳನ್ನು ದಾಟುತ್ತ, ಶತ್ರುಗಳ ತಲೆ ಮೆಟ್ಟುತ್ತ ಸಾಗುವ ವಿಡಿಯೊ ಗೇಮ್‌ಗಳಿಗೆ ಈ ಹೆಸರು. ಆದ್ದರಿಂದ ಇಡೀ ಅಂಕಣವನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಆರು ವರ್ಷದ ಮಗಳು ಹಳೆಯ ಮಾರಿಯೊ ಆಟವನ್ನು ಯಾರೂ ಹೇಳಿಕೊಡದೆಯೇ ಆಡಲು ಕಲಿತಳು. ಇದು ಹೇಗೆ ಸಾಧ್ಯವಾಯಿತು? ‘ಇವನು ಯಾವಾಗಲೂ ಬಲಗಡೆಗೇ ಏಕೆ ಓಡುತ್ತಾನೆ?’ ಎಂಬ ಅವಳ ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ. (ಓದುಗರೊಬ್ಬರು, ಶಿವಮೊಗ್ಗ)

ಯಾರೂ ಹೇಳಿಕೊಡಲಿಲ್ಲ ಎಂದು ನಿಮಗೆ ಅನ್ನಿಸಿದೆ. ಆದರೆ ಆ ಆಟದ ಮೊದಲ ಲೆವೆಲ್ಲಿನಷ್ಟು ಶ್ರದ್ಧೆಯಿಂದ ಪಾಠ ಹೇಳುವ ಮೇಷ್ಟರು ಸಿಗುವುದು ಕಷ್ಟ. 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಶುರುವಾದಾಗ ಮಾರಿಯೊ ಪರದೆಯ ಎಡಭಾಗದಲ್ಲಿ ನಿಂತಿರುತ್ತಾನೆ ಮತ್ತು ಅವನ ಬಲಕ್ಕೆ ವಿಶಾಲವಾದ ಬಯಲು ತೆರೆದಿರುತ್ತದೆ. ಹೋಗಬೇಕಾದ ದಿಕ್ಕನ್ನು ಆ ಬಯಲೇ ಹೇಳುತ್ತದೆ. ಎಡಕ್ಕೆ ಹೋಗಲು ಯತ್ನಿಸಿದ ಮಗುವಿಗೆ ಪರದೆಯ ಅಂಚೇ ಗೋಡೆಯಾಗುತ್ತದೆ, ಏಕೆಂದರೆ ಆ ಆಟದಲ್ಲಿ ದೃಶ್ಯವು ಬಲಕ್ಕೆ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಹುಬ್ಬು ಗಂಟಿಕ್ಕಿದ ಗೂಂಬಾ ಎಂಬ ಪುಟ್ಟ ಶತ್ರು ಎದುರಿಗೆ ಬರುತ್ತದೆ. ಹಾರದವನು ಅದಕ್ಕೆ ತಗುಲಿ ಸಾಯುತ್ತಾನೆ. ಸತ್ತರೂ ಕಳೆದುಕೊಳ್ಳುವುದು ಕೆಲವೇ ಸೆಕೆಂಡುಗಳ ನಡಿಗೆಯನ್ನು ಮಾತ್ರ. ಪ್ರಶ್ನಾರ್ಥಕ ಚಿಹ್ನೆಯಿರುವ ಇಟ್ಟಿಗೆಗೆ ತಲೆ ತಾಗಿಸಿದರೆ ಹೊರಬರುವ ಅಣಬೆ ಮೊದಲು ಬಲಕ್ಕೆ ಜಾರಿ, ಹಸಿರು ಕೊಳವೆಗೆ ಬಡಿದು, ಆಡುವವರ ಕಡೆಗೇ ತಿರುಗಿ ಬರುತ್ತದೆ. ಅದನ್ನು ಶತ್ರುವೆಂದು ಭಾವಿಸಿ ತಪ್ಪಿಸಿಕೊಳ್ಳಲು ಹಾರಿದರೂ ಮೇಲಿನ ಇಟ್ಟಿಗೆಗೆ ತಲೆ ಬಡಿದು ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ಬಿದ್ದಾಗ ಸಾಯುವ ಬದಲು ಮಾರಿಯೊ ದೊಡ್ಡವನಾಗುತ್ತಾನೆ, ಮತ್ತು ಅಣಬೆ ಒಳ್ಳೆಯದು ಎಂಬ ಪಾಠ ಮುಗಿಯುತ್ತದೆ.

ಇದಕ್ಕಿಂತಲೂ ನನಗೆ ಇಷ್ಟವಾದದ್ದು ಅದೇ ಲೆವೆಲ್ಲಿನ ಕೊನೆಯ ಭಾಗ. ಅಲ್ಲಿ ಎದುರುಬದುರಾಗಿ ನಿಂತ ಎರಡು ಮೆಟ್ಟಿಲುಸಾಲುಗಳ ನಡುವೆ ಗಟ್ಟಿ ನೆಲವಿದ್ದು, ಹಾರಿ ತಪ್ಪಿದರೂ ಅಪಾಯವಿಲ್ಲ. ಕೂಡಲೇ ಅಂಥದೇ ಇನ್ನೊಂದು ಜೋಡಿ ಬರುತ್ತದೆ. ಈ ಸಲ ನಡುವೆ ಇರುವುದು ಕಂದಕ. ಸುರಕ್ಷಿತ ಜಾಗದಲ್ಲಿ ಅಭ್ಯಾಸ ಮಾಡಿಸಿ ಅನಂತರ ಪರೀಕ್ಷೆಗೆ ಕೂರಿಸುವ ಈ ಪದ್ಧತಿಯೇ ಮುಂದೆ ಇಡೀ ಪ್ರಕಾರದ ಸಂಪ್ರದಾಯವಾಯಿತು. ‘ಸೂಪರ್ ಮಾರಿಯೊ 3ಡಿ ಲ್ಯಾಂಡ್’ (2011) ಆಟದ ನಿರ್ದೇಶಕ ಕೊಯಿಚಿ ಹಯಾಶಿದಾ ಇದನ್ನು ಜಪಾನಿನ ನಾಲ್ಕು ಚೌಕಟ್ಟಿನ ಕಾಮಿಕ್ಸ್‌ಗಳ ಕಥನಕ್ರಮದೊಂದಿಗೆ ಹೋಲಿಸಿ ವಿವರಿಸಿದ್ದಾರೆ: ವಿಷಯವನ್ನು ಪರಿಚಯಿಸುವುದು, ಬೆಳೆಸುವುದು, ಅನಿರೀಕ್ಷಿತ ತಿರುವು ಕೊಡುವುದು, ಮುಗಿಸುವುದು. ಎರಡು ವರ್ಷಗಳ ಅನಂತರ ಬಂದ ‘ಸೂಪರ್ ಮಾರಿಯೊ 3ಡಿ ವರ್ಲ್ಡ್’ ಆಟದಲ್ಲಿ ನಾಯಕ ಹಾರಿದಾಗಲೆಲ್ಲ ಮಗುಚಿಕೊಳ್ಳುವ ಕೆಂಪು ಮತ್ತು ನೀಲಿ ಹಲಗೆಗಳಿವೆ. ಮೊದಲಿಗೆ ಅವು ಬಿದ್ದರೂ ಚಿಂತೆಯಿಲ್ಲದ ಜಾಗದಲ್ಲಿ ಕಾಣುತ್ತವೆ, ಆಮೇಲೆ ಕಠಿಣವಾಗುತ್ತವೆ. ಮೂರನೆಯ ಘಟ್ಟದಲ್ಲಿ ನೆಲದುದ್ದಕ್ಕೂ ಅಲೆಗಳನ್ನು ಹರಡುವ ಶತ್ರುವೊಂದು ಬಂದು, ಹಾರಲು ಮನಸ್ಸಿಲ್ಲದಾಗಲೂ ನಿಮ್ಮನ್ನು ಹಾರಿಸುತ್ತದೆ. ಒಂದೂ ಮಾತಿಲ್ಲದೆ ಒಂದು ಕಥೆ ನಡೆದುಹೋಗುತ್ತದೆ.

ಇನ್ನು ಬಲಗಡೆಯ ಓಟ. ಓದುವ ದಿಕ್ಕೇ ಇದಕ್ಕೆ ಕಾರಣ ಎಂದು ಹೇಳುವವರಿದ್ದಾರೆ. ಆದರೆ ಈ ಆಟ ಹುಟ್ಟಿದ ಜಪಾನಿನಲ್ಲಿ ಮಾಂಗಾ ಎಂಬ ಕಾಮಿಕ್ಸ್ ಪುಸ್ತಕಗಳ ಪುಟಗಳನ್ನು ಬಲದಿಂದ ಎಡಕ್ಕೆ ಓದುವುದರಿಂದ ಆ ವಾದ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಬಲಕ್ಕೆ ಓಡುವುದು ಎಷ್ಟು ಬೇಗ ಅಭ್ಯಾಸವಾಯಿತೆಂದರೆ, ಮರುವರ್ಷವೇ, ಅಂದರೆ 1986ರಲ್ಲಿ, ಅದೇ ನಿಂಟೆಂಡೊ ತನ್ನ ‘ಮೆಟ್ರಾಯ್ಡ್’ ಆಟದಲ್ಲಿ ಮೊಟ್ಟಮೊದಲು ಬೇಕಾಗುವ ಶಕ್ತಿಯನ್ನು ಎಡಗಡೆಗೆ ಇಟ್ಟು ಆಟಗಾರರನ್ನು ಕಕ್ಕಾಬಿಕ್ಕಿ ಮಾಡಿತು. ಮಗಳಿಗೆ ಅದನ್ನು ತೋರಿಸಿ ನೋಡಿ.

ಪ್ರಶ್ನೆ: ನಾನು ಚಿತ್ರಕಲಾ ವಿದ್ಯಾರ್ಥಿನಿ. ಈ ಆಟಗಳ ನಾಯಕರಿಗೆ ದಪ್ಪ ಮೂಗು, ದೊಡ್ಡ ಕೈಗವಸು ಮತ್ತು ವಿಚಿತ್ರವಾದ ಟೋಪಿ ಏಕೆ? ಇದು ಬರಿಯ ತಮಾಷೆಯೇ? (ಓದುಗರೊಬ್ಬರು, ಮೈಸೂರು)

ತಮಾಷೆಗಿಂತ ಮೊದಲು ಬಂದದ್ದು ಬಡತನ, ಅಂದರೆ ಪರದೆಯ ಮೇಲಿನ ಚುಕ್ಕಿಗಳ (ಪಿಕ್ಸೆಲ್‌ಗಳ) ಬಡತನ. 1981ರ ‘ಡಾಂಕಿ ಕಾಂಗ್’ ಆಟಕ್ಕಾಗಿ ನಿಂಟೆಂಡೊದ ವಿನ್ಯಾಸಕ ಶಿಗೆರು ಮಿಯಾಮೊಟೊ ಮಾರಿಯೊನನ್ನು ಬರೆದಾಗ ಅವರ ಕೈಯಲ್ಲಿದ್ದದ್ದು ಅಡ್ಡಕ್ಕೆ 16, ಉದ್ದಕ್ಕೆ 16 ಚುಕ್ಕಿಗಳ ಒಂದು ಚೌಕ. ಅಷ್ಟರಲ್ಲಿ ಬಾಯಿ ಮೂಡುವುದಿಲ್ಲ, ಆದ್ದರಿಂದ ದೊಡ್ಡ ಮೂಗು ಮತ್ತು ಮೀಸೆ. ಕೂದಲು ಅಲುಗಾಡುವುದನ್ನು ತೋರಿಸುವುದು ಕಷ್ಟ, ಆದ್ದರಿಂದ ಟೋಪಿ. ಓಡುವಾಗ ತೋಳು ಮೈಯಿಂದ ಬೇರೆಯಾಗಿ ಕಾಣಬೇಕು, ಆದ್ದರಿಂದ ಬೇರೆ ಬಣ್ಣದ ಮೇಲುಡುಪು. ಕೈಗವಸು ಇನ್ನೂ ಹಳೆಯದು. ಕಪ್ಪು ಬಿಳುಪಿನ ಕಾರ್ಟೂನ್ ಚಿತ್ರಗಳಲ್ಲಿ ಕಪ್ಪು ಮೈಯ ಮುಂದೆ ಕಪ್ಪು ಕೈ ಮರೆಯಾಗಬಾರದೆಂದು ಬಂದ ಬಿಳಿಯ ಕೈಗವಸೇ ಆಟಗಳಿಗೂ ನಡೆದು ಬಂದಿತು. ಫ್ರಾನ್ಸಿನ ಮಿಷೆಲ್ ಆನ್ಸೆಲ್ ಅವರ ‘ರೇಮನ್’ (1995) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತೋಳು ಮತ್ತು ಕಾಲುಗಳನ್ನೇ ಕೈಬಿಟ್ಟಿತು; ಅಲ್ಲಿ ಅಂಗೈ ಮತ್ತು ಪಾದಗಳು ಗಾಳಿಯಲ್ಲಿ ತೇಲುತ್ತವೆ, ಆದರೂ ನಮ್ಮ ಕಣ್ಣು ನಡುವಿನ ತೋಳನ್ನು ತಾನೇ ತುಂಬಿಕೊಳ್ಳುತ್ತದೆ.

ವಿದ್ಯಾರ್ಥಿನಿಯಾದ ನಿಮಗೊಂದು ಅಭ್ಯಾಸ: ನೀವು ಬರೆದ ಪಾತ್ರವನ್ನು ಪೂರ್ತಿ ಕಪ್ಪು ಬಳಿದು, ಅಂಗೈಯಗಲಕ್ಕೆ ಕುಗ್ಗಿಸಿ, ಸ್ನೇಹಿತರಿಗೆ ತೋರಿಸಿ. ಹೊರಗೆರೆಯಿಂದಲೇ ಅವರು ಗುರುತಿಸದಿದ್ದರೆ ಒಳಗಿನ ಬಣ್ಣಗಾರಿಕೆ ಎಷ್ಟಿದ್ದರೂ ವ್ಯರ್ಥ. ಅಂದಹಾಗೆ, 1985ರ ಆ ಆಟದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ; ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಹಸಿರು. ತೊಂಬತ್ತರ ದಶಕದಲ್ಲಿ ಹಳದಿ ‘ಕ್ಯಾಸೆಟ್’ ಸಿಕ್ಕಿಸಿ ಟಿವಿಯ ಮುಂದೆ ಗಂಟೆಗಟ್ಟಲೆ ಕುಳಿತಿದ್ದ ನಮಗ್ಯಾರಿಗೂ ಅದು ತಿಳಿಯಲಿಲ್ಲ.

ಪ್ರಶ್ನೆ: ನಾನು ಮತ್ತು ಗೆಳೆಯರು ಸೇರಿ ಸಣ್ಣದೊಂದು ಪ್ಲಾಟ್‌ಫಾರ್ಮ್ ಆಟ ತಯಾರಿಸುತ್ತಿದ್ದೇವೆ. ನಾಯಕ ಹಾರುವ ಮುನ್ನ ಮೊಣಕಾಲು ಬಾಗಿಸುವುದನ್ನು ಆರು ಚಿತ್ರಗಳಲ್ಲಿ ಬಹಳ ಚೆಂದವಾಗಿ ಬರೆದಿದ್ದೇನೆ. ಆಡಿ ನೋಡಿದವರೆಲ್ಲ ‘ಬಟನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎನ್ನುತ್ತಾರೆ. ತಪ್ಪು ಎಲ್ಲಿದೆ? (ಓದುಗರೊಬ್ಬರು, ಬೆಂಗಳೂರು)

ತಪ್ಪು ಬಟನ್ನಿನಲ್ಲಿ ಇಲ್ಲ, ನಿಮ್ಮ ಚೆಂದದ ಆರು ಚಿತ್ರಗಳಲ್ಲಿದೆ. ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅನಿಮೇಷನ್ನಿನ 12 ತತ್ತ್ವಗಳನ್ನು ವಿವರಿಸಿದ್ದು, ಅವುಗಳಲ್ಲಿ ಒಂದು ಪೂರ್ವಸೂಚನೆ: ಪಾತ್ರವು ದೊಡ್ಡ ಚಲನೆಗೆ ಮುನ್ನ ಅದರ ವಿರುದ್ಧ ದಿಕ್ಕಿಗೆ ಸ್ವಲ್ಪ ಸರಿದು ನೋಡುವವರನ್ನು ಸಿದ್ಧಗೊಳಿಸಬೇಕು. ಸಿನಿಮಾ ನೋಡುವವನಿಗೆ ಈ ಸೂಚನೆ ಬೇಕು, ಏಕೆಂದರೆ ಮುಂದೇನಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ. ಆಡುವವನಿಗಾದರೋ ಗೊತ್ತು, ಹಾರಬೇಕೆಂದು ನಿರ್ಧರಿಸಿದವನೇ ಅವನು. ನೀವು ಸೆಕೆಂಡಿಗೆ 12 ಚಿತ್ರಗಳ ವೇಗದಲ್ಲಿ ಬರೆದಿದ್ದರೆ ಆರು ಚಿತ್ರಗಳು ಅರ್ಧ ಸೆಕೆಂಡನ್ನು ನುಂಗುತ್ತವೆ, ಮತ್ತು ಕಂದಕದ ಅಂಚಿನಲ್ಲಿ ಅರ್ಧ ಸೆಕೆಂಡು ಎಂದರೆ ಒಂದು ಪ್ರಾಣ. ಆದ್ದರಿಂದ ಬಟನ್ ಒತ್ತಿದ ತಕ್ಷಣ ನಾಯಕನನ್ನು ನೆಲದಿಂದ ಬಿಡಿಸಿ; ಏರುವಾಗ ಮೈಯನ್ನು ಉದ್ದಕ್ಕೆ ಎಳೆಯಿರಿ, ಇಳಿದಾಗ ನೆಲಕ್ಕೆ ಒತ್ತಿ ಚಪ್ಪಟೆ ಮಾಡಿ. ಬಾಗುವ ಚಿತ್ರಗಳನ್ನು ಎಸೆಯಬೇಡಿ, ಇಳಿಯುವಾಗ ಬಳಸಿಕೊಳ್ಳಬಹುದು.

ನಾಯಕನಿಂದ ಕಿತ್ತುಕೊಂಡ ಪೂರ್ವಸೂಚನೆಯನ್ನು ಧಾರಾಳವಾಗಿ ಶತ್ರುಗಳಿಗೆ ಕೊಡಿ. ಅವರು ಏನು ಮಾಡಲಿದ್ದಾರೆಂದು ಆಟಗಾರನಿಗೆ ತಿಳಿಯದಿರುವುದರಿಂದ ಅಲ್ಲಿ ಹಳೆಯ ತತ್ತ್ವ ಪೂರ್ತಿಯಾಗಿ ಅನ್ವಯಿಸುತ್ತದೆ. ಕೆನಡಾದ ಸ್ಟುಡಿಯೊ ಎಂಡಿಎಚ್‌ಆರ್ ತಯಾರಿಸಿದ ‘ಕಪ್‌ಹೆಡ್’ (2017) ಇದಕ್ಕೆ ಒಳ್ಳೆಯ ಪಾಠಪುಸ್ತಕ. 1930ರ ದಶಕದ ಅಮೆರಿಕನ್ ಕಾರ್ಟೂನುಗಳ ರೀತಿಯಲ್ಲಿ ಅದರ ಪಾತ್ರಗಳನ್ನು ಕಾಗದದ ಮೇಲೆ ಕೈಯಿಂದಲೇ ಬರೆಯಲಾಗಿದೆ. ಚಿತ್ರಗಳು ಸೆಕೆಂಡಿಗೆ 24ರಂತೆ ಬದಲಾದರೂ ಆಟವು ಸೆಕೆಂಡಿಗೆ 60 ಸಲ ನಿಮ್ಮ ಬೆರಳಿನ ಮಾತು ಕೇಳುತ್ತದೆ. ಅಲ್ಲಿಯ ಖಳರು ಕೆನ್ನೆ ಉಬ್ಬಿಸಿ, ಕಣ್ಣು ಹೊರಳಿಸಿ, ಹಿಂದಕ್ಕೆ ಬಾಗಿ, ಆಮೇಲಷ್ಟೇ ಉಗುಳುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ನಿಮ್ಮ ಕೋಡ್ ಬರೆಯುವ ಗೆಳೆಯರಿಗೆ ತಲುಪಿಸಿ. 1949ರಿಂದ ವಾರ್ನರ್ ಬ್ರದರ್ಸ್ ಕಾರ್ಟೂನುಗಳಲ್ಲಿ ಕಾಣಿಸಿಕೊಂಡ ಕಯೋಟಿ ಎಂಬ ತೋಳದ ಬಳಗದ ಪ್ರಾಣಿ, ಓಡುತ್ತ ಬಂಡೆಯ ಅಂಚನ್ನು ದಾಟಿದ ಮೇಲೂ ಗಾಳಿಯಲ್ಲೇ ನಿಂತಿರುತ್ತದೆ. ಕೆಳಗೆ ನೆಲವಿಲ್ಲವೆಂದು ಅರಿವಾದ ಮೇಲೆಯೇ ಬೀಳುತ್ತದೆ. ಆಟ ತಯಾರಿಸುವವರು ಇದೇ ಹಾಸ್ಯವನ್ನು ನಿಯಮವನ್ನಾಗಿ ಮಾಡಿಕೊಂಡು ಅದಕ್ಕೆ ‘ಕಯೋಟಿ ಟೈಮ್’ ಎಂದು ಹೆಸರಿಟ್ಟಿದ್ದಾರೆ: ನಾಯಕ ಅಂಚು ಬಿಟ್ಟ ಮೇಲೂ ಕ್ಷಣಕಾಲ ಹಾರುವ ಬಟನ್ ಕೆಲಸ ಮಾಡುತ್ತದೆ. ‘ಸೆಲೆಸ್ಟ್’ (2018) ಆಟದ ತಯಾರಕರು ನಾಯಕಿಯ ಚಲನೆಯ ಕೋಡನ್ನು ಎಲ್ಲರಿಗೂ ತೆರೆದಿಟ್ಟಿದ್ದು, ಅದರಲ್ಲಿ ಈ ರಿಯಾಯಿತಿ 0.1 ಸೆಕೆಂಡ್. ನೆಲ ಮುಟ್ಟುವುದಕ್ಕೆ ಒಂದಿಷ್ಟು ಮೊದಲೇ ಬಟನ್ ಒತ್ತಿದ್ದರೂ ಅದನ್ನು ನೆನಪಿಟ್ಟುಕೊಂಡು, ನೆಲ ಮುಟ್ಟಿದೊಡನೆ ಹಾರಿಸುವ ಪದ್ಧತಿಯೂ ಇದೆ. 1996ರ ‘ಕ್ರ್ಯಾಶ್ ಬ್ಯಾಂಡಿಕೂಟ್’ ಮತ್ತೆ ಮತ್ತೆ ಸಾಯುವವರಿಗೆ ಗೊತ್ತಾಗದಂತೆ ಒಂದು ರಕ್ಷಾ ಮುಖವಾಡವನ್ನು ಒದಗಿಸುತ್ತಿತ್ತು. ಇವು ಮೋಸವೆಂದು ಕೆಲವರು ವಾದಿಸುವುದುಂಟು. ನನ್ನ ಮಟ್ಟಿಗೆ ಇವು ದಾಕ್ಷಿಣ್ಯ. ಕೈ ತಪ್ಪಿದ್ದಕ್ಕೆ ಶಿಕ್ಷೆ ಇರಲಿ, ಕಣ್ಣಿಗೂ ಬೆರಳಿಗೂ ನಡುವಿನ ತಡಕ್ಕೆ ಶಿಕ್ಷೆ ಬೇಡ.

ಪ್ರಶ್ನೆ: ದೊಡ್ಡ ಖಳನಿಗೆ ಮೂರೇ ಪೆಟ್ಟು ಏಕೆ? (ಓದುಗರೊಬ್ಬರು, ಕಲಬುರಗಿ)

ಎಲ್ಲ ಆಟಗಳಲ್ಲೂ ಹಾಗಿಲ್ಲ, ಆದರೆ ರೂಢಿ ಬಲವಾದದ್ದು ನಿಜ. ‘ಸೂಪರ್ ಮಾರಿಯೊ ಬ್ರದರ್ಸ್ 3’ (1988) ಆಟದ ಹಡಗುಗಳಲ್ಲಿ ಕಾಯುವ ‘ಕೂಪಾ ಸಂತಾನ’ ಎಂಬ ಖಳರ ತಲೆಯನ್ನು ಮೂರು ಸಲ ಮೆಟ್ಟಬೇಕು. ಮೊದಲ ಪೆಟ್ಟು ಅದೃಷ್ಟದಿಂದಲೂ ಬೀಳಬಹುದು, ಎರಡನೆಯದರಲ್ಲಿ ಉಪಾಯ ಅರ್ಥವಾಗುತ್ತದೆ, ಮೂರನೆಯದರಲ್ಲಿ ಅರ್ಥವಾದದ್ದನ್ನು ಮಾಡಿ ತೋರಿಸಬೇಕು. ನಾಲ್ಕನೆಯದು ಕೂಲಿ ಕೆಲಸ. ಅಜ್ಜಿ ಹೇಳುವ ಕಥೆಯಲ್ಲಿ ರಾಜನಿಗೆ ಮೂವರು ಮಕ್ಕಳಿರುವುದೂ ಇಂಥದೇ ಲೆಕ್ಕ.

ಪ್ರಶ್ನೆ: ಪ್ರತಿ ಸಲವೂ ರಾಜಕುಮಾರಿಯನ್ನು ಯಾರೋ ಹೊತ್ತೊಯ್ಯುವುದು, ಗಂಡಸೊಬ್ಬ ಬಿಡಿಸಿ ತರುವುದು. ಈ ಕಥೆ ಬೇಸರ ತರಿಸುವುದಿಲ್ಲವೇ? (ಓದುಗರೊಬ್ಬರು, ಉಡುಪಿ)

ತರಿಸುತ್ತದೆ, ಮತ್ತು ಆ ಬೇಸರಕ್ಕೆ ವಯಸ್ಸಾಗಿದೆ. ಇದರ ಮೂಲವೂ ಕಾರ್ಟೂನಿನಲ್ಲೇ ಇದೆ. ‘ಡಾಂಕಿ ಕಾಂಗ್’ ಆಟವನ್ನು ಮೊದಲು ಯೋಚಿಸಿದ್ದು ಪೊಪಾಯ್ ಎಂಬ ನಾವಿಕನ ಪಾತ್ರಗಳನ್ನಿಟ್ಟುಕೊಂಡು. ಆಗ ಹಕ್ಕು ಸಿಗದೆ ಹೋದದ್ದರಿಂದ ನಾವಿಕನ ಜಾಗಕ್ಕೆ ಬಡಗಿಯೂ, ದಾಂಡಿಗನ ಜಾಗಕ್ಕೆ ಗೊರಿಲ್ಲಾವೂ, ಅವರಿಬ್ಬರ ನಡುವಿನ ಪ್ರಿಯತಮೆಯ ಜಾಗಕ್ಕೆ ಮುಂದೆ ಪಾಲಿನ್ ಎಂದು ಹೆಸರಾದ ಯುವತಿಯೂ ಬಂದರು. ನಾಣ್ಯ ಹಾಕಿ ಆಡುವ ಯಂತ್ರದ ಮುಂದೆ ನಿಂತವನಿಗೆ ಕಥೆ ಓದುವ ವ್ಯವಧಾನವಿರುವುದಿಲ್ಲ. ಗೊರಿಲ್ಲಾ ಹುಡುಗಿಯನ್ನು ಹೊತ್ತು ಮೇಲೇರಿತು ಎಂಬ ಒಂದು ದೃಶ್ಯ ಸಾಕು, ಏಣಿ ಹತ್ತಲು ಕಾರಣ ಸಿಕ್ಕಿಬಿಡುತ್ತದೆ. ಕಥೆಯಾಗಿ ಇದು ಬಡಕಲು. ಕಾರಣವಾಗಿ ನೋಡಿದರೆ ಇದರಷ್ಟು ಚುರುಕಾದದ್ದು ಇನ್ನೊಂದಿಲ್ಲ. ನಾಲ್ಕು ವರ್ಷಗಳ ಅನಂತರದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಎಂಟು ಲೋಕಗಳಿದ್ದು, ಮೊದಲ ಏಳರ ಕೊನೆಗೆ ಸಿಗುವುದು ‘ನಮ್ಮ ರಾಜಕುಮಾರಿ ಇರುವುದು ಬೇರೊಂದು ಕೋಟೆಯಲ್ಲಿ’ ಎಂಬ ಉತ್ತರ ಮಾತ್ರ. ನನಗೆ ಆ ಸಾಲಿನಲ್ಲಿ ಮೊದಲಿನಿಂದಲೂ ಒಂದು ತುಂಟ ನಗು ಕೇಳಿಸಿದೆ.

ಆದರೆ ಸಂಪ್ರದಾಯವು ಎಲ್ಲರಿಗೂ ಪರಿಚಿತವಾದ ಮೇಲೆ ಅದನ್ನು ಮುರಿಯುವುದೇ ಹೊಸ ಕಥೆಯಾಗುತ್ತದೆ. ‘ಬ್ರೇಡ್’ (2008) ಆಟದ ಕೊನೆಯ ದೃಶ್ಯದಲ್ಲಿ ಕಾಲ ಹಿಂದು ಮುಂದಾಗಿ, ರಾಜಕುಮಾರಿ ಓಡುತ್ತಿರುವುದು ನಾಯಕನಿಂದಲೇ ಎಂಬುದು ಬಯಲಾಗುತ್ತದೆ. ‘ಸೂಪರ್ ಮಾರಿಯೊ ಒಡಿಸ್ಸಿ’ (2017) ಆಟದಲ್ಲಿ ಖಳನೂ ಮಾರಿಯೊನೂ ಏಕಕಾಲಕ್ಕೆ ಹೂವು ಚಾಚಿದಾಗ ರಾಜಕುಮಾರಿ ಪೀಚ್ ಇಬ್ಬರನ್ನೂ ನಿರಾಕರಿಸಿ ಹಡಗಿನ ಕಡೆಗೆ ನಡೆಯುತ್ತಾಳೆ. ‘ಸೆಲೆಸ್ಟ್’ ಆಟದ ನಾಯಕಿ ಮ್ಯಾಡಲಿನ್ ಹೊರಡುವುದು ಯಾರನ್ನೂ ಬಿಡಿಸಿ ತರಲು ಅಲ್ಲ. ಬೆಟ್ಟ ಹತ್ತುವ ಅವಳನ್ನು ಅಟ್ಟಿಸಿಕೊಂಡು ಬರುವುದು ಅವಳದೇ ಅಂಜಿಕೆಯ ರೂಪ. ಅಲ್ಲಿ ಸತ್ತು ಸತ್ತು ಮತ್ತೆ ಹಾರುವುದೇ ಕಥೆಯ ಅರ್ಥವೂ ಆಗಿರುವುದರಿಂದ ಆಟಕ್ಕೂ ಕಥೆಗೂ ನಡುವೆ ಹೊಲಿಗೆ ಕಾಣಿಸುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಮೊಮ್ಮಗನ ಆಟದಲ್ಲಿ ಹುಲ್ಲುಗಾವಲು ಮುಗಿದರೆ ಮರುಭೂಮಿ, ಅದು ಮುಗಿದರೆ ಹಿಮ. ಭೂಗೋಳಕ್ಕೆ ಇಷ್ಟು ಅಪಚಾರವೇ? (ಓದುಗರೊಬ್ಬರು, ಧಾರವಾಡ)

ಭೂಗೋಳವೆಂದು ನೋಡದೆ ರಂಗಭೂಮಿಯ ಪರದೆಗಳೆಂದು ನೋಡಿ. ಕಂಪನಿ ನಾಟಕಗಳನ್ನು ಕಂಡ ನಿಮಗೆ ಅರಮನೆಯ ಪರದೆ ಎದ್ದೊಡನೆ ಕಾಡಿನ ಪರದೆ ಇಳಿಯುವುದು ವಿಚಿತ್ರವೆನಿಸಿರಲಾರದು. ಇಲ್ಲಿಯೂ ಪ್ರತಿ ಪರದೆ ಒಂದು ಹೊಸ ಕಷ್ಟದ ಸೂಚನೆ: ಹಿಮವೆಂದರೆ ಕಾಲು ಜಾರುತ್ತದೆ, ನೀರೆಂದರೆ ಹಾರುವ ರೀತಿಯೇ ಬದಲಾಗುತ್ತದೆ. ‘ಸೂಪರ್ ಮಾರಿಯೊ ಬ್ರದರ್ಸ್ 3’ ಆಟವಂತೂ ಇದನ್ನು ಮುಚ್ಚಿಡಲಿಲ್ಲ. ಅದು ಶುರುವಾಗುವುದೇ ಪರದೆ ಮೇಲೇಳುವುದರಿಂದ; ಬಣ್ಣದ ಕಟ್ಟೆಗಳ ಮೂಲೆಗಳಲ್ಲಿ ಬೋಲ್ಟುಗಳಿವೆ, ಅವುಗಳ ನೆರಳು ಆಕಾಶದ ಮೇಲೆಯೇ ಬೀಳುತ್ತದೆ, ಮತ್ತು ಲೆವೆಲ್ಲಿನ ಕೊನೆಗೆ ನಾಯಕ ದೃಶ್ಯವನ್ನು ಬಿಟ್ಟು ಕತ್ತಲೆಯ ಪಕ್ಕಕ್ಕೆ ನಡೆದುಹೋಗುತ್ತಾನೆ. ಇದೆಲ್ಲ ಒಂದು ನಾಟಕ ಪ್ರದರ್ಶನವೇ ಎಂದು 2015ರಲ್ಲಿ ನಿಂಟೆಂಡೊದ ಒಂದು ವಿಡಿಯೊದಲ್ಲಿ ಕೇಳಿದಾಗ ಮಿಯಾಮೊಟೊ ಹೌದೆಂದು ತಲೆಯಾಡಿಸಿದರು.